ಲೂಸೆರೋ ಚಾನೆಲ್ಲಿನ ವಿಜಯಶ್ರೀ

ಅಮೆರಿಕದ ಫೋರ್ಟ್ ಮಿಲ್‌ನ ವಿಜಯಶ್ರೀಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಲೂಸೆರೋ ಎಂಬ ಸ್ಪ್ಯಾನಿಷ್ ಟಿವಿ ಚಾನೆಲ್ಲಿನಲ್ಲಿ ಯಾವುದು ಎಷ್ಟು ಗಂಟೆಗೆ ಬರಬೇಕೆಂದು ಕಂಪ್ಯೂಟರಿಗೆ ಹೇಳುವುದು ಅವಳ ಕೆಲಸ. ಅದಕ್ಕೆ ಗಡಿಯಾರ ಓದಲು ಬಂದರೆ ಸಾಕಿತ್ತು.

ಮಾಲೀಕ ಎಫ್ರಾಯಿನ್, ಎಲ್ಲರೂ ಗೌರವದಿಂದ ಕರೆಯುವಂತೆ 'ಡಾನ್' ಎಫ್ರಾಯಿನ್, ಮೊದಲು ಹಾಸಿಗೆ ವ್ಯಾಪಾರಿ. ಟಿವಿ ಜಾಹೀರಾತಿನ ದರ ಕೇಳಿ ಸಿಟ್ಟಾಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾನೇ ಚಾನೆಲ್ ಶುರುಮಾಡಿದ್ದ. ಮೊದಲ ವರ್ಷ ಎರಡೇ ಕಾರ್ಯಕ್ರಮ: ಭಾನುವಾರದ ಚರ್ಚ್ ಪ್ರಾರ್ಥನೆ, ಉಳಿದಂತೆ ಹಾಸಿಗೆ. ಆಮೇಲೆ ವಾರ್ತೆ, ಫುಟ್‌ಬಾಲ್, ವೀಸಾ ವಕೀಲರ ಸಲಹೆ, ಮಧ್ಯಾಹ್ನದ ಧಾರಾವಾಹಿ ಎಲ್ಲ ಸೇರಿಕೊಂಡವು. ಅಂಗಡಿ ಮುಚ್ಚಿತು, ಚಾನೆಲ್ ಉಳಿಯಿತು.

2020ರಲ್ಲಿ ಕೋವಿಡ್ ಬಂದು ಆಫೀಸು ಖಾಲಿಯಾದಾಗ ವೀಕ್ಷಕರ ಫೋನುಗಳನ್ನು ವಿಜಯಶ್ರೀಯ ಮನೆಗೆ ತಿರುಗಿಸಿದರು. ಕರೆ ಮಾಡುವವರ ಮಾತು ತಿಳಿಯಲೆಂದು ಅವಳು ಚಾನೆಲ್ಲಿನ ಧಾರಾವಾಹಿ ನೋಡತೊಡಗಿದಳು. ಕನ್ನಡ ಧಾರಾವಾಹಿ ಕಂಡರೆ "ಏನ್ ಅಳಬುರಕಿ ಹಚ್ಚೀರಿ" ಎಂದು ಅತ್ತೆಯ ಕೈಯಿಂದ ರಿಮೋಟ್ ಕಸಿಯುತ್ತಿದ್ದವಳು ಈಗ ಅದೇ ಅತ್ತೆಯ ಪಕ್ಕ ಕುಳಿತಳು. ಅತ್ತೆ ಶಾಂತಾಬಾಯಿಗೆ ಭಾಷೆಯ ಹಂಗಿರಲಿಲ್ಲ. "ಆ ಕೆಂಪ್ ಅಂಗಿಯಾಕಿನ ವಿಷಾ ಹಾಕ್ಯಾಳ, ನೋಡ್ತಿರು," ಎಂದರೆ ಮರುದಿನದ ಕಂತಿನಲ್ಲಿ ಅದೇ ಬಯಲಾಗುತ್ತಿತ್ತು.

ವರ್ಷದೊಳಗೆ ವಿಜಯಶ್ರೀಗೆ ಸ್ಪ್ಯಾನಿಷ್ ಬಂತು, ಆದರೆ ಧಾರಾವಾಹಿಯದ್ದು. ಅಂಗಳದ ಹುಲ್ಲು ಕತ್ತರಿಸುವ ಸ್ಪ್ಯಾನಿಷ್ ಮಾತಿನವನು ಎರಡು ದಿನ ತಡವಾಗಿ ಬಂದಾಗ "ನನ್ನ ನಂಬಿಕೆಗೆ ದ್ರೋಹ ಬಗೆದೆ!" ಎಂದಳು. ಅವನು ಟೋಪಿ ತೆಗೆದು ಕ್ಷಮೆ ಕೇಳಿದ.

2022ರಲ್ಲಿ ಕ್ಯಾರಿ ಎಂಬ ಊರಿನಿಂದ ಶಶಾಂಕ್ ಎಂಬ ಸಲಹೆಗಾರ ಬಂದ. ಧಾರಾವಾಹಿ ಕಿತ್ತು ಮಿಕ್ಸರ್ ಮಾರುವ ಕಾರ್ಯಕ್ರಮ ಹಾಕಬೇಕೆಂದ.

"ಡೇಟಾ ನೋಡಿ ಮೇಡಂ. ಆ ಸ್ಲಾಟ್ ಯಾರೂ ವಾಚ್ ಮಾಡ್ತಿಲ್ಲ."

"ಮತ್ತ ದಿನಾ ನಲವತ್ತು ಮಂದಿ ಅದರ ಕಥಿ ಕೇಳಾಕ ನನಗ ಯಾಕ ಫೋನ್ ಮಾಡ್ತಾರ?"

"ಆ ಕಾಲ್ಸ್ ಡೇಟಾದಲ್ಲಿ ಇಲ್ವಲ್ಲ."

ಮಾಲೀಕನೆದುರು ಮೀಟಿಂಗಿನಲ್ಲಿ ವಿಜಯಶ್ರೀ ಎದ್ದು ನಿಂತಳು. ಲೆಕ್ಕದ ಮಾತಿಗೆ ಬೇಕಾದ ಸ್ಪ್ಯಾನಿಷ್ ಅವಳಲ್ಲಿರಲಿಲ್ಲ, ಧಾರಾವಾಹಿಯಿಂದ ಕಲಿತದ್ದನ್ನೇ ಆಡಿದಳು. "ನಿರ್ಗತಿಕ ವಿಧವೆಯರನ್ನು ಬೀದಿಗೆ ತಳ್ಳಿದವನನ್ನು ದೇವರು ನೋಡುತ್ತಿದ್ದಾನೆ, ಡಾನ್ ಎಫ್ರಾಯಿನ್!"

ಡಾನ್ ಕಣ್ಣೊರೆಸಿಕೊಂಡ. ಅವನ ವಿಧವೆ ತಾಯಿಯೂ ಆ ಧಾರಾವಾಹಿ ತಪ್ಪಿಸುತ್ತಿರಲಿಲ್ಲ. ಧಾರಾವಾಹಿ ಉಳಿಯಿತು. ಸಲಹೆಗಾರನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಡಾನ್, ಕಾರ್ಯಕ್ರಮಗಳ ವೇಳೆ ತಾನೇ ಹೊಂದಿಸುವ ಅವನ ಸಾಫ್ಟ್‌ವೇರ್ ಕೊಂಡ. ಅದು ಬಂದು ವಿಜಯಶ್ರೀಯ ಕೆಲಸವನ್ನು ನುಂಗಿತು. ಅವಳನ್ನು ಪೂರ್ತಿಯಾಗಿ ಫೋನಿಗೆ ಕೂರಿಸಿದರು. ಕಂತು ತಪ್ಪಿಸಿಕೊಂಡವರಿಗೆ ಕಥೆ ಒಪ್ಪಿಸುವುದು ಈಗಿನ ಹುದ್ದೆ.

ಎಂಜಿನಿಯರಿಂಗ್ ಓದಿ ಇದಾಯಿತಲ್ಲ ಎಂದು ಅವಳು ಎರಡು ದಿನ ಮುಖ ಊದಿಸಿಕೊಂಡಳು. ಶಾಂತಾಬಾಯಿ ಮಾತ್ರ ಚಹಾ ಸೋಸುತ್ತ ಹೇಳಿದರು: "ಪಗಾರ ಕೊಟ್ಟು ಹಾಳಹರಟಿ ಹೊಡಸ್ತಾರ. ನಮಗ್ಯಾರೂ ಕೊಡಲಿಲ್ಲವ್ವ!"