ಯಲ್ಲಯ್ಯ ಬಿಟ್ಟ ಮನೆ

ಯಲ್ಲಯ್ಯ ವಂತಿಗೆ ಎತ್ತುವಾಗ ಒಂದು ಮನೆ ಬಿಟ್ಟ ಎಂದರೆ ಚೇಳೂರು ಹೋಬಳಿಯಲ್ಲಿ ಯಾರೂ ನಂಬುವುದಿಲ್ಲ. ನಾನೂ ನಂಬಲಿಲ್ಲ. ಮಾರಮ್ಮನ ಹಬ್ಬಕ್ಕಾಗಲಿ, ಗುಡಿಯ ಸುಣ್ಣಕ್ಕಾಗಲಿ, ಹೆಗಲಿಗೆ ಜೋಳಿಗೆ ಏರಿಸಿ ಹೊರಟನೆಂದರೆ ಅವನದು ಉಡದ ಪಟ್ಟು. ಎಂಥ ಜಿಪುಣನ ಗಂಟನ್ನೂ ಬಿಚ್ಚಿಸದೆ ಬಾಗಿಲು ಬಿಡುವ ಆಸಾಮಿಯಲ್ಲ.

ನಮ್ಮ ಪಾಳ್ಯಕ್ಕೆ ಫೈಬರ್ ನೆಟ್ ತರಬೇಕೆಂದಾಗಲೂ ಅವನೇ ಮುಂದಾದ. ಇರುವ ಮನೆಗಳು ಬೆರಳೆಣಿಕೆಯಷ್ಟು. ಕಂಪನಿಯವರು, "ಇಷ್ಟು ಕಮ್ಮಿ ಮನೆಗೆಲ್ಲ ಕೇಬಲ್ ಎಳೆಯೋಕಾಗಲ್ಲ, ಖರ್ಚು ನೀವೇ ಹಾಕ್ಕೊಳ್ಳಿ" ಎಂದರು. ಯಲ್ಲಯ್ಯ ಬೀದಿಗಿಳಿದ. ವಂತಿಗೆ ಕೂಡಿತು, ಕಂಬ ನೆಟ್ಟರು, ಕೇಬಲ್ ಬಂತು.

ನೆಟ್ ಬಂದ ದಿನ ಅರಳಿಕಟ್ಟೆಯ ಬಳಿ ಟೀ ಹಂಚುತ್ತಿದ್ದೆವು. ಊರಿಗೆಲ್ಲ ರವಿಕೆ ಹೊಲಿದುಕೊಡುವ ಖುರ್ಷಿದಾ ಬೇಗಂ ಬಂದು ಮೆಲ್ಲಗೆ ಕೇಳಿದರು. "ಯಲ್ಲಣ್ಣ, ನಮ್ಮನೆಗೆ ವಂತಿಗೆಗೆ ಯಾವಾಗ ಬರ್ತೀರಾ? ದುಡ್ಡು ಎತ್ತಿಟ್ಕೊಂಡು ಕಾಯ್ತಾನೇ ಇದೀನಿ."

ಯಲ್ಲಯ್ಯ ಬಾಯಿಗಿಟ್ಟ ಲೋಟ ಇಳಿಸುವುದನ್ನೇ ಮರೆತ. ಅವರ ಮನೆ ಊರಾಚೆಯೇನೂ ಇಲ್ಲ, ಬೀದಿಯ ನಡುವೆಯೇ ಇದೆ. ದೇವರ ಕಾರ್ಯಕ್ಕೆ ಸಾಬರನ್ನೇನು ಕೇಳುವುದು ಎಂದು ಆ ಬಾಗಿಲು ದಾಟಿ ದಾಟಿ ಅವನ ಕಾಲಿಗೆ ಅದೇ ರೂಢಿಯಾಗಿತ್ತು. ನೆಟ್ ವಂತಿಗೆಗೂ ಅದೇ ಕಾಲಲ್ಲಿ ನಡೆದಿದ್ದ. ಎಂಥ ಅನ್ಯಾಯ ನೋಡಿ! ಕಂಬ ನೆಡುವಾಗ ಅವರ ಹಿತ್ತಲು ನೆನಪಾಗಿತ್ತು, ವಂತಿಗೆ ಎತ್ತುವಾಗ ಮನೆ ನೆನಪಾಗಲಿಲ್ಲ.

ನಿಜವಾಗಿ ನೆಟ್ ಬೇಕಿದ್ದದ್ದೇ ಅವರಿಗೆ. ಮಗಳು ರೂಬಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಹುಲಿಯೂರುದುರ್ಗಕ್ಕೆ ಕೊಟ್ಟಿದ್ದಾರೆ. ಅವಳ ಮಾತೆಲ್ಲ ಕೈಯಲ್ಲೇ, ವಿಡಿಯೋ ಕಾಲ್ ಇಲ್ಲದಿದ್ದರೆ ತಾಯಿ ಮಗಳಿಗೆ ಮಾತಿಲ್ಲ. ಸಿಗ್ನಲ್‌ಗಾಗಿ ಖುರ್ಷಿದಾ ಕೆರೆ ಏರಿಯ ಮೇಲೆ ನಿಂತು ಕೈಯಾಡಿಸುವುದನ್ನು ಊರೆಲ್ಲ ನೋಡಿದೆ. ಈಗ ರೂಬಿ ತುಂಬಿದ ಬಸುರಿ.

ಕೇಬಲ್ ಕೆಲಸದ ಸಂತೋಷ್ ಕಂಬದ ಬಾಕ್ಸ್ ತೆಗೆದು ತೋರಿಸಿದ. "ಇರೋದೇ ಎಂಟು ಲೈನು. ಎಲ್ಲಾ ಫುಲ್."

"ನಮ್ಮನೇದು ಕಿತ್ತು ಅವ್ರಿಗೆ ಹಾಕಪ್ಪ" ಎಂದ ಯಲ್ಲಯ್ಯ.

ಖುರ್ಷಿದಾ ಒಪ್ಪಲಿಲ್ಲ. "ಧರ್ಮಕ್ಕೆ ಬೇಡ ಕಣಣ್ಣ. ಎಲ್ರ ಮನೆಗೂ ಹೋದಂಗೆ ನಮ್ಮನೆಗೂ ಬಂದು ವಂತಿಗೆ ಕೇಳಿ. ಆಮೇಲೆ ಹಾಕ್ಸಿ."

ಮರುದಿನ ಯಲ್ಲಯ್ಯ ಜೋಳಿಗೆ ಏರಿಸಿ ಆ ಬಾಗಿಲಲ್ಲಿ ನಿಂತ. ಕೂಗಿದರೆ ಪಕ್ಕದೂರಿಗೆ ಕೇಳುವ ಗಂಟಲು ಅವನದು. ಅಂದು ಮಾತ್ರ "ತಾಯೀ, ವಂತಿಗೆ" ಎಂದು ಮೆಲ್ಲಗೆ ಕೇಳಿ ಜೋಳಿಗೆಯ ಬಾಯಿ ಬಿಚ್ಚಿ ಹಿಡಿದ. ಖುರ್ಷಿದಾ ದುಡ್ಡು ತಂದು ಜೋಳಿಗೆಗೆ ಹಾಕಿದರು.

ಸಂತೋಷ್ ಲೈನ್ ಬದಲಿಸಿದ. ಮೊಬೈಲಿನಲ್ಲಿ ರೂಬಿಯ ಮುಖ ಮೂಡಿತು. ಅಮ್ಮನ ಹಿಂದೆ ಬಾಗಿಲಲ್ಲಿ ನಿಂತವನನ್ನು ಕಂಡು ಅವಳು ಕಣ್ಣರಳಿಸಿದಳು. ಹೆಗಲಿಗೆ ಜೋಳಿಗೆ ಹಾಕಿಕೊಂಡಂತೆ ಮಾಡಿ, ಆ ಕೈಯನ್ನು ನೇರ ಮುಂದಕ್ಕೆ ಸರ್ರನೆ ಒಯ್ದಳು.

"ಏನಂತವ್ಳೆ?" ಎಂದ ಯಲ್ಲಯ್ಯ.

ಖುರ್ಷಿದಾ ತಡವರಿಸಿದರು. "ನಿಮ್ಮೆಸ್ರು ಕಣಣ್ಣ. ಚಿಕ್ಕೋಳಿದ್ದಾಗ ಇದೇ ಹೊಸ್ತಿಲ ಮೇಲೆ ಕೂತು ನೋಡ್ತಿದ್ಲಲ್ಲ, ಅವ್ಳೇ ಇಟ್ಟಿದ್ದು. ಜೋಳಿಗೆ ಹಾಕ್ಕೊಂಡು ನಮ್ಮನೆ ದಾಟ್ಕೊಂಡು ಹೋಗೋರು ಅಂತ."

ಯಲ್ಲಯ್ಯ ಜೋಳಿಗೆ ಇಳಿಸಿ ಆ ಹೊಸ್ತಿಲ ಮೇಲೇ ಕೂತ.