ಗುಪ್ತ ಪ್ರಶ್ನೆ: ನಿಮ್ಮ ಮನೆ ಹೆಸರೇನು?

ಸಿಟ್ಟು ನನಗೆ ಹೊಸದಲ್ಲ. ಶಾಲೆಯ ಮಕ್ಕಳು ನನಗಿಟ್ಟ ಅಡ್ಡಹೆಸರು ಬಾಯಿ ಸುಡುವ ಗಾಂಧಾರಿ ಮೆಣಸಿಗೆ ಸಂಬಂಧಪಟ್ಟದ್ದು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಇದ್ದೇನೆ. ಆದರೆ ಆ ಶನಿವಾರ ಬಂದ ಸಿಟ್ಟು ಬೇರೆ ಜಾತಿಯದು. ಇಂದಿಗೂ ಪೂರ್ತಿ ಇಳಿದಿಲ್ಲ.

ನಾನು ನರಿಮೊಗರಿನ ಕಡೆ ಕಂಪ್ಯೂಟರ್ ಕಲಿಸುವ ಶಿಕ್ಷಕ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕುಗಳ ರಕ್ತದಾನಿಗಳ ಪಟ್ಟಿಯೊಂದನ್ನು ವೆಬ್‌ಸೈಟ್ ಮಾಡಿಕೊಟ್ಟವನೂ ನಾನೇ. ಅದು ಓಪನ್ ಸೋರ್ಸ್. ಎಂದರೆ ಅದರ ಕೋಡ್ ಎಲ್ಲರ ಕಣ್ಣಿಗೂ ಬೀಳುವಂತೆ ಇಟ್ಟಿದ್ದೇನೆ. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ಅಲ್ಲೇ ದೂರು ಬರೆಯಬಹುದು. ದಾನಿಗಳ ಫೋನ್ ನಂಬರ್ ಮಾತ್ರ ಯಾರಿಗೂ ಕಾಣುವುದಿಲ್ಲ. ರಕ್ತ ಬೇಕಾದವರು ಸೈಟಿನಲ್ಲಿ ಕೋರಿಕೆ ಹಾಕಬೇಕು, ಒಪ್ಪಿದ ದಾನಿಯೇ ಅವರಿಗೆ ಫೋನ್ ಮಾಡುತ್ತಾರೆ. ಈ ಮಾತನ್ನು ನಾನು ಊರೂರು ತಿರುಗಿ ಹೇಳಿದ್ದೆ. ಅದನ್ನು ನಂಬಿಯೇ ಹೆಂಗಸರು ಹೆಸರು ಕೊಟ್ಟಿದ್ದರು.

ಆ ಶನಿವಾರ ಮಧ್ಯಾಹ್ನ ಸುಳ್ಯ ತಾಲೂಕಿನ ಕಲ್ಲುಗುಂಡಿಯಿಂದ ಒಬ್ಬರು ಫೋನ್ ಮಾಡಿದರು. ಮನೆಯಲ್ಲೇ ಬಟ್ಟೆ ಹೊಲಿಯುವ ಬ್ಯಾರಿ ಮುಸ್ಲಿಂ ಹೆಂಗಸು. ಗಂಡ ಗಲ್ಫಿನಲ್ಲಿ, ಮನೆಯ ಯಜಮಾನಿಕೆ ಗಂಡನ ಅಣ್ಣನದು. ಅವರದು ಓ ನೆಗೆಟಿವ್. ಎರಡು ಸಲ ಬಸ್ಸಿನಲ್ಲಿ ಪುತ್ತೂರಿನವರೆಗೆ ಬಂದು ರಕ್ತ ಕೊಟ್ಟು, ಒಂದು ಲೋಟ ಶರಬತ್ತು ಕುಡಿದು ಹಾಗೆಯೇ ಹಿಂದೆ ಹೋದವರು.

"ಸರ್, ನನ್ನ ನಂಬರ್ ಯಾರಿಗಾದ್ರೂ ಕೊಟ್ಟಿದ್ದೀರಾ?" ಎಂದು ಕೇಳಿದರು.

ಯಾರೋ ಒಬ್ಬ ಎರಡು ವಾರದಿಂದ ಫೋನ್ ಮಾಡುತ್ತಿದ್ದನಂತೆ. ಮೊದಲು ರಕ್ತ ಬೇಕು ಎಂದ. ಆಮೇಲೆ ಸುಮ್ಮನೆ ಮಾತಾಡಬೇಕು ಎಂದ. ಆಮೇಲೆ ಹೇಳಿದ್ದನ್ನು ಅವರು ನನಗೆ ಹೇಳಲಿಲ್ಲ. ಒಂದು ದಿನ ಫೋನ್ ಎತ್ತಿದ್ದು ಗಂಡನ ಅಣ್ಣ.

"ನಾನೇ ನಂಬರ್ ಕೊಟ್ಟದ್ದು ಅಂತ ಹೇಳ್ತಾರೆ ಮನೆಯಲ್ಲಿ. ನಾನು ಯಾರಿಗೂ ಕೊಡ್ಲಿಲ್ಲ ಸರ್. ಹೇಗೆ ಹೋಯ್ತು ಅಂತ ನೀವೊಂದು ನೋಡಿ ಹೇಳಿ. ನನ್ನ ಮಾತು ಯಾರೂ ನಂಬುದಿಲ್ಲ."

ಫೋನ್ ಇಟ್ಟವನೇ ಸರ್ವರಿನ ದಾಖಲೆ ತೆಗೆದು ನೋಡಿದೆ. ಎರಡು ವಾರದ ಹಿಂದೆ, ಹಾಡಹಗಲೇ, ಯಾರೋ ಅವರ ಖಾತೆಯಲ್ಲಿ "ಪಾಸ್‌ವರ್ಡ್ ಮರೆತಿದ್ದೇನೆ" ಎಂದು ಒತ್ತಿದ್ದಾನೆ. ಖಾತೆ ನಿಜಕ್ಕೂ ಅವರದ್ದೇ ಎಂದು ತಿಳಿಯಲು ಸೈಟು ಗುಪ್ತ ಪ್ರಶ್ನೆ ಕೇಳಿದೆ. ಉತ್ತರ ಮೊದಲ ಸಲಕ್ಕೇ ಸರಿ. ಹೊಸ ಪಾಸ್‌ವರ್ಡ್ ಇಟ್ಟು ಒಳಗೆ ಹೋಗಿ ನಂಬರ್ ನೋಡಿದ್ದಾನೆ. ಅವರ ನಂತರ ಅಜ್ಜಾವರದ ಒಬ್ಬರು, ಕಡಬದ ಇಬ್ಬರು. ಎಲ್ಲರೂ ಹೆಂಗಸರು, ಎಲ್ಲ ಉತ್ತರವೂ ಮೊದಲ ಸಲಕ್ಕೇ ಸರಿ.

ಆ ಪ್ರಶ್ನೆ ಯಾವುದು ಗೊತ್ತೇ? ನಿಮ್ಮ ಮನೆ ಹೆಸರೇನು?

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಮನುಷ್ಯನಿಗಿಂತ ಮೊದಲು ಮನೆಯ ಹೆಸರು ನೆನಪಾಗುತ್ತದೆ. ಮದುವೆ ಕಾಗದದಲ್ಲಿ ಅದು, ಗೇಟಿನ ಮೇಲೆ ಅದು, ಬಸ್ಸಿನ ಕಂಡಕ್ಟರ್ ಕೂಗುವುದೂ ಎಷ್ಟೋ ಸಲ ಅದೇ. ಒಂದೇ ಹೆಸರಿನವರು ಗ್ರಾಮಕ್ಕೆ ಹತ್ತು ಜನ ಇರುವುದರಿಂದ ನಮ್ಮ ದಾನಿಗಳ ಪಟ್ಟಿಯಲ್ಲೂ ಹೆಸರಿನ ಪಕ್ಕದಲ್ಲೇ ಮನೆ ಹೆಸರನ್ನು ಹಾಕಿದ್ದೆವು. ಬಾಗಿಲಿಗೆ ಬೀಗ ಹಾಕಿ, ಅದೇ ಬಾಗಿಲಿಗೆ ಬೀಗದ ಕೈಯನ್ನು ನೇತುಹಾಕಿದ್ದೆವು. ಮೈಯೆಲ್ಲ ಉರಿದುಹೋಯಿತು.

ತಕ್ಷಣ ಸೈಟನ್ನು ಮುಚ್ಚಿದೆ. ಅರ್ಧ ಗಂಟೆಯಲ್ಲಿ, ಈ ಪಟ್ಟಿಯನ್ನು ನಡೆಸುವ ರಕ್ತದಾನ ಸಮಿತಿಯ ಅಧ್ಯಕ್ಷರ ಫೋನ್ ಬಂತು. ನಿವೃತ್ತ ಅಧಿಕಾರಿ, ಕಡಬದವರು. ರಕ್ತದಾನ ಶಿಬಿರದ ಫೋಟೋಗಳಲ್ಲಿ ಯಾವತ್ತೂ ನಡುವಿನಲ್ಲಿ ನಿಲ್ಲುವವರು. ಸೂಜಿ ಕಂಡರೆ ಮಾತ್ರ ತಲೆ ತಿರುಗುತ್ತದೆ.

"ಯಾರನ್ನು ಕೇಳಿ ಬಂದ್ ಮಾಡಿದ್ದು ಮಾಷ್ಟ್ರೇ? ಮುಂದಿನ ವಾರ ಕ್ಯಾಂಪ್ ಉಂಟು."

ನಾನು ಆದದ್ದನ್ನೆಲ್ಲ ಹೇಳಿದೆ.

"ಅಷ್ಟಕ್ಕೆ ಎಂತ ಮಾರಾಯ್ರೆ? ಅವರು ನಂಬರ್ ಬದಲಾಯಿಸ್ಲಿ. ನೀವು ರಿಪೇರಿ ಮಾಡಿ, ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡಿ. ಸುಮ್ಮನೆ ಸಮಿತಿಯ ಹೆಸರು ಹಾಳಾಗುದು."

"ಒಬ್ಬರ ಮನೆಯೇ ಹಾಳಾಗ್ತಾ ಉಂಟು, ನಿಮಗೆ ಸಮಿತಿಯ ಹೆಸರು!" ಎಂದು ಕಿರುಚಿದೆ. ನನ್ನ ಹೆಂಡತಿ ಅಡುಗೆ ಮನೆಯಿಂದ ಓಡಿ ಬಂದಳು. ಅಧ್ಯಕ್ಷರು ಫೋನ್ ಇಟ್ಟುಬಿಟ್ಟರು.

ಭಾನುವಾರ ಬೆಳಿಗ್ಗೆ ತಿದ್ದಲು ಕುಳಿತೆ. ಅಧ್ಯಕ್ಷರಿಗೆ ಮನಸ್ಸಿನಲ್ಲೇ ಬೈಯುತ್ತ ಬೈಯುತ್ತ ಆ ಗುಪ್ತ ಪ್ರಶ್ನೆಯನ್ನು ಬೇರು ಸಮೇತ ಕಿತ್ತೆ. ಇನ್ನು ಪಾಸ್‌ವರ್ಡ್ ಬದಲಿಸಬೇಕಾದರೆ ದಾನಿಯ ಸ್ವಂತ ಫೋನಿಗೇ ಒಟಿಪಿ ಹೋಗಬೇಕು. ಮೂರು ಸಲ ತಪ್ಪಿದರೆ ಖಾತೆ ಮುಚ್ಚಬೇಕು. ಪಟ್ಟಿಯಲ್ಲಿ ಮನೆ ಹೆಸರು ಕಾಣಬಾರದು. ಹಳೆಯ ಪಾಸ್‌ವರ್ಡ್‌ಗಳೆಲ್ಲ ರದ್ದು. ನಾನೇ ಕಳ್ಳನಾಗಿ ಹತ್ತು ಬಗೆಯಲ್ಲಿ ಒಳನುಗ್ಗಲು ನೋಡಿದೆ, ಆಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು. ಇಷ್ಟೇ ಇಷ್ಟು ಕೆಲಸ. ಇದನ್ನು ಮೊದಲೇ ಮಾಡಿದ್ದರೆ ಎಂದು ಯೋಚಿಸಿ ಇನ್ನಷ್ಟು ಸಿಟ್ಟು ಬಂತು.

ಓಪನ್ ಸೋರ್ಸಿನಲ್ಲಿ ಒಂದು ಪದ್ಧತಿ ಉಂಟು. ತೂತು ಮುಚ್ಚಿದ ಮೇಲೆ ಪ್ರಕಟಣೆ ಹಾಕಬೇಕು: ಏನು ತಪ್ಪಿತ್ತು, ಯಾರಿಗೆ ತೊಂದರೆಯಾಯಿತು, ಮೊದಲು ತಿಳಿಸಿದವರು ಯಾರು, ಯಾವಾಗ. ಅಧ್ಯಕ್ಷರು ಬೇಡವೆಂದದ್ದನ್ನು ಹಟದಿಂದಲೇ ಬರೆಯಲು ಶುರುಮಾಡಿದೆ. "ಮೊದಲು ತಿಳಿಸಿದವರು" ಎಂಬಲ್ಲಿ ಆ ಹೆಂಗಸಿನ ಊರನ್ನು ಬರೆಯಬೇಕೆಂದಿದ್ದವನು, ಯಾವುದಕ್ಕೂ ಇರಲಿ ಎಂದು ಹಳೆಯ ದೂರುಗಳ ಪುಟವನ್ನು ತೆರೆದೆ.

ಅಲ್ಲಿತ್ತು. ನಾಲ್ಕು ತಿಂಗಳ ಹಿಂದಿನದು. ನಮ್ಮ ಕೋಡನ್ನು ಓದಿದ ಯಾವುದೋ ದೂರದ ಊರಿನ ಅಪರಿಚಿತರು ವಿನಯದಿಂದಲೇ ಬರೆದಿದ್ದರು: ನಿಮ್ಮ ಗುಪ್ತ ಪ್ರಶ್ನೆಯ ಉತ್ತರ ನಿಮ್ಮ ಪಟ್ಟಿಯಲ್ಲೇ ಕಾಣುತ್ತಿದೆ, ದಯವಿಟ್ಟು ಗಮನಿಸಿ. ಅದರ ಕೆಳಗೆ ನನ್ನ ಉತ್ತರ: ನಮ್ಮ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಪರಿಚಯದವರು. ಇಲ್ಲಿ ಇದು ಸಮಸ್ಯೆಯಲ್ಲ. ಅದರ ಕೆಳಗೆ, ದೂರು ಮುಕ್ತಾಯವಾಗಿದೆ ಎಂದು ನಾನೇ ಒತ್ತಿದ ಗುರುತು.

ಆ ಪ್ರಶ್ನೆಯನ್ನು ಇಟ್ಟವನೂ ನಾನೇ. ಮುದುಕರೂ ಮರೆಯದ ಪ್ರಶ್ನೆ ಎಂದು ಸಭೆಯಲ್ಲಿ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೆ. ಬೆಳಗಿನಿಂದ ಅಧ್ಯಕ್ಷರಿಗೆ ಬೈದ ಬೈಗುಳಗಳನ್ನೆಲ್ಲ ಒಂದೊಂದಾಗಿ ನನ್ನ ಹೆಸರಿಗೆ ಬರೆದುಕೊಳ್ಳಬೇಕಾಯಿತು. ಪರಿಚಯದವರಂತೆ! ಆ ಹಲ್ಕಟನೂ ಪರಿಚಯದವನೇ ಇರಬೇಕು.

ಪ್ರಕಟಣೆಯಲ್ಲಿ ಎಲ್ಲವನ್ನೂ ಬರೆದೆ, ನನ್ನ ಉತ್ತರವನ್ನೂ ಸೇರಿಸಿ. ತೊಂದರೆಯಾದವರ ಹೆಸರು ಮಾತ್ರ ಹಾಕಲಿಲ್ಲ. ಉಳಿದ ಮೂವರಿಗೂ ಫೋನ್ ಮಾಡಿ ತಿಳಿಸಿದೆ. ಸೋಮವಾರ ಶಾಲೆಗೆ ರಜೆ ಹಾಕಿ, ಪ್ರಕಟಣೆಯ ಒಂದು ಪ್ರತಿ ಹಿಡಿದುಕೊಂಡು, ಬರುವುದಾಗಿ ಮೊದಲೇ ತಿಳಿಸಿ, ಕಲ್ಲುಗುಂಡಿಗೆ ಹೋದೆ. ಬಸ್ಸಿಳಿದು ಎದುರಿನ ಅಂಗಡಿಯಲ್ಲಿ ಅವರ ಮನೆ ಹೆಸರು ಹೇಳಿದೆ. ಅಂಗಡಿಯವರು ತಲೆ ಎತ್ತದೆಯೇ ದಾರಿ ತೋರಿಸಿದರು.

ಗಂಡನ ಅಣ್ಣ ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಕಾಗದವನ್ನು ಕೊಟ್ಟು, "ತಪ್ಪು ಸೈಟಿನದ್ದು. ಇವರು ನಂಬರ್ ಯಾರಿಗೂ ಕೊಡ್ಲಿಲ್ಲ" ಎಂದೆ. ಅವರು ಒಂದಕ್ಷರ ಬಿಡದೆ ಓದಿದರು. ಕೊನೆಯಲ್ಲಿ ಬೆರಳು ನಿಂತಿತು.

"'ಇದು ಸಮಸ್ಯೆಯಲ್ಲ' ಅಂತ ಬರೆದದ್ದು ಯಾರು?"

"ನಾನು."

ಒಳಗಿನಿಂದ ಬರುತ್ತಿದ್ದ ಹೊಲಿಗೆ ಮಿಷಿನಿನ ಸದ್ದು ನಿಂತಿತು. ಆ ಹೆಂಗಸು ಬಾಗಿಲಿಗೆ ಬಂದರು. ನನ್ನನ್ನು ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹೆಸರು ಕೊಡುದು ಬೇಡ ಅಂತ ಇವರು ಮೊದಲೇ ಹೇಳಿದ್ರು ಸರ್" ಎಂದರು, ಭಾವನ ಕಡೆ ನೋಡಿ. "ನಾನೇ ಹೇಳಿದ್ದು, ಮಾಷ್ಟ್ರು ಮಾಡಿದ್ದಲ್ವಾ, ಎಂತ ಆಗುದಿಲ್ಲ ಅಂತ."

ಭಾವ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು, ನನಗೆ ಚಹಾ ಮಾಡುವಂತೆ ತಮ್ಮನ ಹೆಂಡತಿಗೆ ಹೇಳಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟಾದರೂ ಆಯಿತು.

ನಾನು ಹೊರಡುವಾಗ ಆ ಹೆಂಗಸು ಹೇಳಿದ್ದು ಒಂದೇ ಮಾತು. "ಪಟ್ಟಿಯಿಂದ ನನ್ನ ಹೆಸರು ತೆಗೀರಿ ಸರ್."

ಅಲ್ಲೇ, ಬಸ್ಸಿಗೆ ಕಾಯುತ್ತ, ಮೊಬೈಲಿನಲ್ಲೇ ತೆಗೆದೆ. ಆಮೇಲೆ ಸುಳ್ಯ ತಾಲೂಕು, ಓ ನೆಗೆಟಿವ್ ಎಂದು ಹುಡುಕಿ ನೋಡಿದೆ. ನಾನೇ ಎಂದೋ ಬರೆದಿಟ್ಟ ಸಾಲು ಬಂತು: ಸದ್ಯ ಯಾರೂ ಇಲ್ಲ.