ಗಿರಾಕಿಯ ಮೊದಲ ಮಾತು

ಅವರ ಸ್ಕ್ರೂಡ್ರೈವರಿನ ಮರದ ಹಿಡಿಯ ಮೇಲೆ ಹಲ್ಲಿನ ಗುರುತುಗಳಿದ್ದವು. ಒಂದು ಬದಿಗೆ ನಾಲ್ಕು, ಇನ್ನೊಂದು ಬದಿಗೆ ಮೂರು. ಕೆಳಗಿನ ಸಾಲಿನ ಒಂದು ಹಲ್ಲು ಬಿದ್ದಿತ್ತು. ರಿಪೇರಿಗೆ ಬಂದ ರೇಡಿಯೋವನ್ನೋ ಆಂಪ್ಲಿಫೈಯರನ್ನೋ ಚಾಲೂ ಮಾಡಿ, ಸ್ಕ್ರೂಡ್ರೈವರಿನ ತುದಿಯನ್ನು ಸ್ಪೀಕರಿನ ತಗಡಿಗೆ ತಾಗಿಸಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಹೊಸ ಗಿರಾಕಿಗಳು ಮುಸಿಮುಸಿ ನಗುತ್ತಿದ್ದರು. ನಾನೂ ನಕ್ಕವನೇ. ಸದ್ದು ಹಲ್ಲಿನಿಂದ ಬುರುಡೆಗೆ ಏರಿ ಒಳಗಿಂದ ಕೇಳಿಸುತ್ತದೆ, ಹೊರಗಿನ ಕಿವಿ ಕೈಕೊಟ್ಟವರಿಗೆ ಅದೊಂದೇ ದಾರಿ ಅನ್ನುವುದು ನನಗೆ ಎಷ್ಟೋ ದಿನ ಗೊತ್ತೇ ಇರಲಿಲ್ಲ.

ಊರಿಗೆಲ್ಲ ಅವರು ರೇಡಿಯೋ ಕಾಕಾ. ಹೊಸಪೇಟೆಯ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದೇ ಶಟರಿನ ಅಂಗಡಿ, ಹಿಂದೆಯೇ ಮನೆ. ಹರೆಯದಲ್ಲಿ ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿದ್ದರಂತೆ. ಬ್ಲಾಸ್ಟಿಂಗ್ ಹೊತ್ತಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಿರೆಂದರೆ, “ಹತ್ತಿ ಇಟ್ಕೊಂಡ್ರ ಚಾ ಕುಡ್ಯಾಕ ಕರದಿದ್ದು ಕೇಳಂಗಿಲ್ಲಲೇ” ಅನ್ನುತ್ತಿದ್ದರಂತೆ. ಆ ಚಹಾದ ಆಸೆ ಅವರಿಗೆ ಭಾಳ ದುಬಾರಿಯಾಯಿತು. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಹಾಲಿನವನ ಸೈಕಲ್ಲಿನ ಗಂಟೆ, ಆಮೇಲೆ ಮೊಮ್ಮಗಳ ಮಾತು. ಕಿವಿಯನ್ನೇ ನಂಬಿ ಹೊಟ್ಟೆ ಹೊರೆಯುವ ಕಸುಬು. ಅದರಲ್ಲಿ ಕಿವಿಯೇ ದಿನಕ್ಕಿಷ್ಟು ದಿನಕ್ಕಿಷ್ಟು ಸೋರಿ ಹೋಗುತ್ತಿತ್ತು. ಈ ಗುಟ್ಟು ಕಾಕುಗೆ, ಅಂದರೆ ಅವರ ಹೆಂಡತಿಗೆ ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ. ಎದುರಿಗೆ ನಿಂತವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು.

ಅಂಗಡಿಗೆ ಬಂದ ಪ್ರತಿ ಸೆಟ್ಟಿಗೂ ರಟ್ಟಿನ ಚೀಟಿಯೊಂದನ್ನು ದಾರದಿಂದ ಕಟ್ಟುವುದು ಅವರ ಪದ್ಧತಿ. ಅದರ ಮೇಲೆ ‘ಗಿರಾಕಿಯ ಮೊದಲ ಮಾತು’ ಎಂದು ಬರೆದು, ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವರು. ಕೆಳಗೆ ‘ಷರಾ’, ಅದು ಅವರ ತೀರ್ಮಾನ. ಜನ ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ. ಸಾರಿನ ಪಾತ್ರೆಯೇ ಸೆಟ್ಟಿನ ಮೇಲೆ ಬೋರಲು ಬಿದ್ದಿದ್ದರೂ “ಸುಮ್ಮನ ಇದ್ದಂಗ ಬಂದ್ ಆತ್ರಿ” ಅನ್ನುವರು. ಸರ್ಕ್ಯೂಟಿನ ಸಂದಿಯಿಂದ ಬೇಳೆಕಾಳನ್ನು ಚಿಮಟಿಗೆಯಲ್ಲಿ ಎತ್ತಿ ತೋರಿಸಿದ ಮೇಲೆ ಮಾತು ಬದಲಾಗುತ್ತಿತ್ತು. ಆದರೆ ಕಾಕಾ ಚೀಟಿ ತಿದ್ದುತ್ತಿರಲಿಲ್ಲ. “ಮೊದಲನೇದು ಗಿರಾಕಿ ಮಾತು. ಎರಡನೇದು ವಕೀಲರ ಮಾತು” ಅನ್ನುವರು. ಇನ್ನೊಂದು ಮಾತಿತ್ತು, ಅದನ್ನು ಎಲ್ಲರಿಗೂ ಹೇಳುವರು: “ಮೆಕ್ಯಾನಿಕ್ ಮುಂದ ಸುಳ್ಳು ಹೇಳಬ್ಯಾಡ್ರಿ. ಸೆಟ್ ಸಾಯ್ತೈತಿ.”

ನಾನು ಹಗಲಿಗೆ ಗಾದಿಗನೂರಿನ ಹತ್ತಿರ ಅದಿರಿನ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಆಪರೇಟರ್. ಸಂಜೆ, ಕರೆದರೆ, ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್. ಹಳೆಯ ಸಿನಿಮಾ ಹಾಡುಗಳ ನಡುವೆ ಗಿಟಾರ್ ಒಮ್ಮೊಮ್ಮೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ಯೆನ್ನುತ್ತದಲ್ಲ, ಆ ದನಿಯ ಹುಚ್ಚು ನನಗೆ. ಅದಕ್ಕೆ ಫಜ್ ಪೆಡಲ್ ಎಂಬ ಸಣ್ಣ ಡಬ್ಬಿ ಬೇಕು. ಗಿಟಾರಿನ ಸ್ವಚ್ಛ ದನಿಯನ್ನು ಬೇಕಂತಲೇ ಒಡೆದು ಒರಟು ಮಾಡಿ ಕಳಿಸುವ ಡಬ್ಬಿ; ಕಾಲಲ್ಲಿ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್. ಎರಡು ಟ್ರಾನ್ಸಿಸ್ಟರ್, ಬೆರಳೆಣಿಕೆಯ ಬಿಡಿಭಾಗ, ಒಂದು ಬ್ಯಾಟರಿ, ಇಷ್ಟೇ. ಮೊಬೈಲಿನಲ್ಲಿ ಅದರ ನಕ್ಷೆ ಹುಡುಕಿ ಕಾಕಾನ ಮುಂದೆ ಹಿಡಿದೆ.

ಅವರು ನಕ್ಷೆಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದರು. “ನಲವತ್ತು ವರ್ಷ ಕರಕರ ತಗದು ಹೊಟ್ಟಿ ಹೊರಕೊಂಡೀನಿ. ನೀ ಕರಕರ ಹಾಕಿಕೊಡು ಅಂತೀಯಲ್ಲೋ! ತಲಿ ನೆಟ್ಟಗೈತೇನು?”

“ಐತ್ರಿ ಕಾಕಾ. ಕರಕರಾನ ಬೇಕು.”

ಬೈದುಕೊಳ್ಳುತ್ತಲೇ ಒಪ್ಪಿದರು. ಹಳೆಯ ರೇಡಿಯೋಗಳ ಹೊಟ್ಟೆಯಿಂದ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಕಿತ್ತು, ಒಂದೊಂದನ್ನೂ ಅಳೆದು, ಎರಡನ್ನು ಆರಿಸಿದರು. ಡಬ್ಬಿ ಅಂಗೈ ಅಗಲಕ್ಕಿಂತ ದೊಡ್ಡದಾಗಬಾರದು ಎಂದಿದ್ದೆ. ಕಾಕುವಿನ ಅಲ್ಯೂಮಿನಿಯಂ ಎಲೆ-ಅಡಿಕೆ ಡಬ್ಬಿ ಮಾಯವಾಯಿತು. “ತವರುಮನಿ ಡಬ್ಬಿ! ಕೇಳಿದ್ರ ನಾ ಕೊಡ್ತಿದ್ದಿಲ್ಲೇನು? ಕಳ್ಳ!” ಎಂದು ಕಾಕು ಕೂಗಾಡಿದರು. ಕಾಕಾ ತಲೆ ಎತ್ತಲಿಲ್ಲ. ಅದು ಕಿವುಡೋ ಜಾಣಕಿವುಡೋ ನನಗೆ ಗೊತ್ತಿಲ್ಲ.

ವಾರದ ಮೇಲೆ ಹೋದಾಗ ಡಬ್ಬಿ ಸಿದ್ಧವಾಗಿತ್ತು. ಗಿಟಾರಿನ ವೈರು ಚುಚ್ಚಿ ಮೀಟಿದೆ. ಗಂಟೆ ಹೊಡೆದಷ್ಟು ಸ್ವಚ್ಛ ದನಿ. ಗುಂಯ್ ಇಲ್ಲ, ಏನಿಲ್ಲ. ಕಾಕಾ ಎದೆಯುಬ್ಬಿಸಿ, “ಭಾಳ ಕರಕರ ಇತ್ತು ನೋಡು. ಎರಡು ದಿನ ಕುಂತು ಎಲ್ಲಾ ತಗದೀನಿ” ಅಂದರು. ನಾನು ತಲೆ ಚಚ್ಚಿಕೊಂಡೆ. ಅವರಿಗೂ ಹೊಳೆಯಿತು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಅಷ್ಟು ವರ್ಷ ಪಳಗಿದ ಕೈ, ಪಾಪ, ತಾನು ಕಂಡ ದೋಷವನ್ನು ತಾನೇ ತೆಗೆದುಬಿಟ್ಟಿತ್ತು.

ಕರಕರ ತೆಗೆಯಲೆಂದು ಹಾಕಿದ್ದ ಕೆಪ್ಯಾಸಿಟರುಗಳನ್ನು ಅಲ್ಲೇ ಕೂತು ಬಿಚ್ಚಿದರು. ನಾನು ಮತ್ತೆ ಮೀಟಿದೆ. ಗುಂಯ್ ಅಂತ ದನಿ ಬಂದು ಅಂಗಡಿಯ ತಗಡೆಲ್ಲ ನಡುಗಿತು. ಅಭ್ಯಾಸಬಲದಿಂದ ಸ್ಕ್ರೂಡ್ರೈವರನ್ನು ಬಾಯಿಗೆ ಒಯ್ಯುತ್ತಿದ್ದ ಕಾಕಾ ನಡುವೆಯೇ ನಿಂತರು. ಕೈ ಕೆಳಗಿಳಿಯಿತು.

“ಇನ್ನೊಮ್ಮೆ” ಅಂದರು.

ಮೀಟಿದೆ.

“ಲೇ ತಮ್ಮಾ… ಬಾಯಾಗ ಏನೂ ಇಲ್ಲಲೇ. ಹಂಗ ಕೇಳ್ತು. ಕಿವ್ಯಾಗ ಕೇಳ್ತು!”

ಆವತ್ತೇ ಅವರು ಗುಟ್ಟನ್ನೆಲ್ಲ ಬಿಚ್ಚಿ ಹೇಳಿದ್ದು. ಸಣ್ಣ ದನಿಗಳೆಲ್ಲ ಹೋಗಿದ್ದವು. ಈ ಒರಟು, ದಪ್ಪ, ಒಡಕು ದನಿ ಮಾತ್ರ ಹೇಗೋ ದಾರಿ ಮಾಡಿಕೊಂಡು ಒಳಗೆ ಹೋಗುತ್ತಿತ್ತು. “ಇದು ಕೇಳೋಮಟ ಶಟರ್ ಎತ್ತತೀನಿ. ಇದೂ ಕೇಳದ ದಿನ ಬೀಗ” ಅಂದರು. ಹುಡುಗಾಟಕ್ಕೆ ಹೇಳಿದ್ದಲ್ಲ. ಆಮೇಲೆ ದಿನವೂ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ನಾನು ಒಂದು ಗಳಿಗೆ ಬಾರಿಸಿ ಹೋಗಬೇಕು, ಅವರು ಕೇಳಿಸಿಕೊಂಡು ತಲೆಯಾಡಿಸಬೇಕು, ಆಮೇಲೆಯೇ ಮೊದಲ ಸೆಟ್ಟಿಗೆ ಕೈ ಹಚ್ಚುವರು. ವಿದ್ಯೆಯ ಸಾಮಾನನ್ನು ಚಪ್ಪಲಿ ಕಾಲಲ್ಲಿ ತುಳಿಯಬಾರದೆಂದು ಬರಿಗಾಲಲ್ಲೇ ಒತ್ತಿಸುತ್ತಿದ್ದರು. ನಾನು ಈಗಲೂ ಸ್ಟೇಜಿನ ಮೇಲೆ ಬರಿಗಾಲು.

ಡಬ್ಬಿಗೊಂದು ರೋಗವಿತ್ತು. ಜರ್ಮೇನಿಯಂಗೆ ಬಿಸಿಲು ಆಗಿಬರುವುದಿಲ್ಲ. ಬೇಸಿಗೆ ಮಧ್ಯಾಹ್ನ ಎರಡು ಸಲ ಕೆಮ್ಮಿ ಮಲಗಿಬಿಡುತ್ತಿತ್ತು. ಒದ್ದೆ ಬಟ್ಟೆ ಸುತ್ತಿ ನೀರಿನ ಗಡಿಗೆಯ ಪಕ್ಕ ಇಟ್ಟರೆ ಏಳುತ್ತಿತ್ತು. “ಹೊಸಪೇಟ್ಯಾಗ ಮನಷಾರ ಮಲಗ್ತಾರ, ಇದರದ್ದೇನು ತಪ್ಪು” ಅನ್ನುತ್ತಿದ್ದರು ಕಾಕಾ.

ಆ ಬೇಸಿಗೆಯಲ್ಲೇ ಕಂಪ್ಲಿಯಲ್ಲಿ ರೈಸ್‌ಮಿಲ್ ಸಾಹುಕಾರರೊಬ್ಬರ ಮಗಳ ರಿಸೆಪ್ಷನ್. ಕಾಕಾ ಇಸ್ತ್ರಿ ಅಂಗಿ ಹಾಕಿ, ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ನನ್ನ ಜೊತೆ ಬಸ್ಸಿನಲ್ಲಿ ಬಂದರು. ಮುಂದಿನ ಸಾಲಿನಲ್ಲಿ ಕೂತರು. ಮೂರನೇ ಹಾಡಿಗೆ ನನ್ನ ಸರದಿ. ಬರಿಗಾಲಲ್ಲಿ ಒತ್ತಿದೆ, ಮೀಟಿದೆ. ಗುಂಯ್ ಎಂದು ಪೂರ್ತಿ ಅನ್ನಲೂ ಇಲ್ಲ. ಅಷ್ಟರಲ್ಲಿ ನನ್ನ ದನಿಯೇ ಇಲ್ಲ. ಡ್ರಮ್ಸು, ಕೀಬೋರ್ಡು ಎಲ್ಲ ಇವೆ. ಗಿಟಾರ್ ಮಾತ್ರ ಕಟ್ಟಿಗೆಯ ತುಂಡು. ಸುಮ್ಮನೆ ನಿಂತರೆ ಮಾನ ಹೋಗುತ್ತದೆಂದು ಹಾಡು ಮುಗಿಯುವವರೆಗೂ ಬೆರಳಾಡಿಸಿದೆ. ಕೆಳಗಿಳಿದರೆ ಸೌಂಡ್ ಮಿಕ್ಸರ್ ಮುಂದೆ ಕೂತವನು ಹಲ್ಲು ಕಿರಿದ. “ಅಣ್ಣಾ, ನಿಮ್ಮ ಲೈನ್ ಒಡದಿತ್ತು ನೋಡ್ರಿ, ಗೊರ್ ಅಂತಿತ್ತು. ಜಲ್ದಿ ಬಂದ್ ಮಾಡಿ ಮರ್ಯಾದಿ ಉಳಿಸೀನಿ!” ಕರಕರ ಕಂಡರೆ ಬಂದ್ ಮಾಡುವುದು ಅವನ ಕಸುಬು. ಕಾಕಾ ಮಾಡಿದ್ದನ್ನೇ ಅವನೂ ಮಾಡಿದ್ದ.

ಕಾಕಾ ಎದ್ದು ನನ್ನ ಹತ್ತಿರ ಬಂದರು. ನನ್ನ ತುಟಿಯನ್ನೇ ನೋಡುತ್ತ, ಗಿರಾಕಿಯನ್ನು ಕೇಳುವ ಹಾಗೆ ಕೇಳಿದರು: “ಬಿಸಿಗೆ ಮಲಗ್ತೇನು?”

ಖರೇ ಹೇಳಬೇಕಿತ್ತು. ನಿಮ್ಮ ಡಬ್ಬಿಯ ದನಿಯನ್ನು ದೋಷವೆಂದು ತಿಳಿದು ಬಂದ್ ಮಾಡಿದರು ಎಂದರೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ ಮನುಷ್ಯನಿಗೆ ಎಷ್ಟು ನೋವಾದೀತು ಅನ್ನಿಸಿತು. ನನ್ನದೂ ಒಂದಿಷ್ಟು ಸೊಕ್ಕಿತ್ತು, ಸುಳ್ಳೇಕೆ.

“ಇಲ್ರೀ ಕಾಕಾ. ಮಸ್ತ್ ಬಂತು” ಅಂದೆ.

ಅವರು ತಲೆಯಾಡಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಮುಂದಿನ ಸೀಟಿನ ಕಂಬಿಗೆ ಒತ್ತಿ ಹಿಡಿಯನ್ನು ಕಚ್ಚಿದರು. ಆಮೇಲೆ ಜೇಬಿಗಿಟ್ಟು ಕಿಟಕಿಯ ಕಡೆ ಮುಖ ಮಾಡಿದರು. ದಣಿದಿದ್ದಾರೆ ಅಂದುಕೊಂಡೆ. ಎಂಥಾ ಮಬ್ಬು ನಾನು!

ಮರುದಿನ ಶಟರ್ ಏಳಲಿಲ್ಲ. ನಾಲ್ಕು ದಿನ ನೋಡಿ ಹಿಂದಿನ ಮನೆಗೆ ಹೋದೆ. ಕಾಕು ಗಂಟುಮೂಟೆ ಕಟ್ಟುತ್ತಿದ್ದರು. ಕಾಕಾ ಆಗಲೇ ಎಮ್ಮಿಗನೂರಿನ ಮಗಳ ಮನೆಗೆ ಹೋಗಿದ್ದರು. “‘ಅವ ಮಸ್ತ್ ಬಂತು ಅಂದ. ಡ್ರಮ್ ಎದಿಗೆ ಬಡೀತು, ಗಿಟಾರ್ ನನಗ ಒಂದ್ ಅಕ್ಷರ ಕೇಳ್ಲಿಲ್ಲ. ಮುಗೀತು’ ಅಂದ್ರಪ್ಪಾ. ಅಂಗಡಿ ಬಿಟ್ಟುಕೊಟ್ಟು ಹ್ವಾದ್ರು” ಎಂದು ಕಣ್ಣೊರೆಸಿಕೊಂಡರು. ಆವತ್ತು ಗಿಟಾರ್ ಕೇಳಿಸದಿದ್ದದ್ದು ಅವರೊಬ್ಬರಿಗಲ್ಲ. ಅಲ್ಲಿದ್ದ ಯಾರಿಗೂ ಕೇಳಿಸಿರಲಿಲ್ಲ. ಅವರ ಕಿವಿ ಸರಿಯಾಗಿಯೇ ಇತ್ತು.

ಡಬ್ಬಿ, ಗಿಟಾರ್, ಬ್ಯಾಟರಿಯ ಪುಟ್ಟ ಸ್ಪೀಕರ್ ಹಿಡಿದು ಸಿಕ್ಕ ಬಸ್ಸು ಹತ್ತಿದೆ. ಇಂಜಿನ್ನಿನ ಪಕ್ಕದ ಸೀಟು, ಉರಿಬಿಸಿಲು. ಒದ್ದೆ ಬಟ್ಟೆ ಸುತ್ತಬೇಕೆಂಬ ನೆನಪು ಆ ಗಡಿಬಿಡಿಯಲ್ಲಿ ಹಾರಿಹೋಗಿತ್ತು. ಕಾಕಾನ ಎದುರು ಕೂತು, ತುಟಿ ಬಿಡಿಸಿ ಬಿಡಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ನಸುನಕ್ಕರು.

“ಮಸ್ತ್ ಬಂತು ಅಂದಿದ್ಯಲ್ಲೋ.”

“ಸುಳ್ಳು ಹೇಳಿದ್ದೆ ಕಾಕಾ!”

“ಈಗ ಹೇಳಾಕತ್ತೀಯಪ್ಪಾ ಸುಳ್ಳು, ನನ್ನ ಸಮಾಧಾನಕ್ಕ. ಎರಡನೇದು ವಕೀಲರ ಮಾತು.”

ಮಾತೇಕೆ, ಕೇಳಿಸಿಯೇಬಿಡುತ್ತೇನೆಂದು ಡಬ್ಬಿ ಒತ್ತಿ ಮೀಟಿದೆ. ಎರಡು ಸಲ ಕೆಮ್ಮಿ ಮಲಗಿತು. ಮತ್ತೆ ಮತ್ತೆ ಮೀಟಿದೆ. ಕಾಕಾ ನನ್ನ ಬೆರಳುಗಳನ್ನು ನೋಡುತ್ತ ಕೂತಿದ್ದರು, ರಿಸೆಪ್ಷನ್ನಿನಲ್ಲಿ ನೋಡಿದ ಹಾಗೆಯೇ. “ನನಗೂ ಕೇಳವಲ್ದು ಕಾಕಾ, ದೇವರಾಣೆ, ಬಿಸಿಗೆ ಮಲಗೈತಿ!” ಎಂದು ಕೂಗಿದೆ. ಅವರು ನನ್ನ ಕೈಯನ್ನು ತಂತಿಯ ಮೇಲಿಂದ ಮೆಲ್ಲಗೆ ಎತ್ತಿ, “ಸಾಕು ಬಿಡೋ, ಬೆರಳು ನೋಯಿಸ್ಕೋಬ್ಯಾಡ” ಅಂದರು.

ಅದು ತಣಿಯುವವರೆಗೆ ಕಾದರೆ ವಾಪಸ್ ಬಸ್ಸು ತಪ್ಪುತ್ತಿತ್ತು. ಬೆಳಗಿನ ತಂಪಿನಲ್ಲಿ ಬಂದು ಬಾರಿಸುತ್ತೇನೆಂದು ಹೇಳಿ, ಡಬ್ಬಿಯನ್ನು ಆ ಮನೆಯ ನೀರಿನ ಗಡಿಗೆಯ ಪಕ್ಕ ಬಿಟ್ಟು ಬಂದೆ. ಹೋಗಲಿಲ್ಲ. ಮೊದಲ ವಾರ ಡ್ಯೂಟಿ ಎಂದೆ, ಎರಡನೆಯದಕ್ಕೆ ಜ್ವರ ಎಂದೆ. ಖರೇ ಅಂದರೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಮುಂಗಾರು ಹಿಡಿದು ಹವೆ ತಂಪಾದ ದಿನಗಳಲ್ಲಿ, ಡಬ್ಬಿ ಹಗಲೆಲ್ಲ ಕೆಮ್ಮದೆ ನುಡಿಯಬಹುದಾಗಿದ್ದ ದಿನಗಳಲ್ಲಿ, ಕಾಕಾ ಹೋಗಿಬಿಟ್ಟರು. ಮಗಳು ಹೇಳಿದಳು, ಅಂಗಡಿ ಬಿಟ್ಟ ಮೇಲೆ ಅವರು ಯಾರ ತುಟಿಯನ್ನೂ ನೋಡುತ್ತಿರಲಿಲ್ಲವಂತೆ.

ದಿನಕರ್ಮ ಮುಗಿದ ಮೇಲೆ ಕಾಕು ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು. ಅದಕ್ಕೆ ದಾರ ಕಟ್ಟಿತ್ತು, ದಾರಕ್ಕೆ ರಟ್ಟಿನ ಚೀಟಿ, ಅವರದೇ ಗುಂಡು ಅಕ್ಷರ.

ಗಿರಾಕಿಯ ಮೊದಲ ಮಾತು: ಮಸ್ತ್ ಬಂತು.

ಷರಾ: ಸೆಟ್ ಸರಿ ಐತಿ. ಮೆಕ್ಯಾನಿಕ್ ಕೆಟ್ಟಾನ.